ಬ್ಯಾಕಪ್‌ನಲ್ಲಿ ಎರಡೇ ಫೈಲು!

ಓದುಗರ ಪತ್ರ: ಉಬುಂಟು 16.04 ಡೆಸ್ಕ್‌ಟಾಪ್‌ನಲ್ಲಿ ರಾತ್ರಿ ರೂಟ್ (ಎಲ್ಲ ಅಧಿಕಾರವಿರುವ ಖಾತೆ) ಹೆಸರಿನಲ್ಲಿ ಬ್ಯಾಕಪ್ ಸ್ಕ್ರಿಪ್ಟ್ ಓಡುತ್ತದೆ. ಒಬ್ಬ ಬಳಕೆದಾರರ ಹೋಮ್ ಫೋಲ್ಡರ್‌ನಿಂದ ಒಂದು ರೀಡ್‌ಮಿ, ಒಂದು ಶಾರ್ಟ್‌ಕಟ್ ಬಿಟ್ಟರೆ ಏನೂ ಬಂದಿಲ್ಲ. ಎನ್‌ಕ್ರಿಪ್ಟ್ ಆದ ಹೋಮ್ ಅನ್ನು ಸ್ಕ್ರಿಪ್ಟ್ ಗುರುತಿಸುವುದು ಹೇಗೆ?

ಸಂಪಾದಕರ ಉತ್ತರ: ಆ ಎರಡು ಫೈಲುಗಳೇ ಸುಳಿವು. ಫೋಲ್ಡರ್‌ನ ಫೈಲುಗಳನ್ನು ಎನ್‌ಕ್ರಿಪ್ಟ್ ಮಾಡುವ ಇಕ್ರಿಪ್ಟ್‌ಎಫ್‌ಎಸ್ ಬಳಸಿದ ಹೋಮ್‌ನಲ್ಲಿ, ಬಳಕೆದಾರರು ಲಾಗಿನ್ ಆಗದಿದ್ದಾಗ ಕಣ್ಣಿಗೆ ಬೀಳುವುದು ಅವೆರಡೇ. ನಿಜವಾದ ಸರಕು ಇರುವುದು /ಹೋಮ್/.ಇಕ್ರಿಪ್ಟ್‌ಎಫ್‌ಎಸ್ ಒಳಗೆ, ಅವರ ಹೆಸರಿನ ಫೋಲ್ಡರ್‌ನಲ್ಲಿ. ಅಲ್ಲಿ .ಪ್ರೈವೇಟ್ ಎಂಬ ಫೋಲ್ಡರ್ ಇದ್ದರೆ ಪೂರ್ತಿ ಹೋಮ್ ಎನ್‌ಕ್ರಿಪ್ಟ್ ಆಗಿದೆ ಎಂದರ್ಥ. ಅದರೊಳಗಿನ ಫೈಲುಗಳ ಹೆಸರು ಸಾಮಾನ್ಯವಾಗಿ 'ಇಕ್ರಿಪ್ಟ್‌ಎಫ್‌ಎಸ್_ಎಫ್‌ಎನ್‌ಇಕೆ_ಎನ್‌ಕ್ರಿಪ್ಟೆಡ್' ಎಂದು ಶುರುವಾಗಿ ಅರ್ಥವಿಲ್ಲದ ಅಕ್ಷರಗಳಲ್ಲಿ ಮುಗಿಯುತ್ತದೆ.

ಹಲವರು ಎಡವುವ ಜಾಗ ಒಂದಿದೆ. ಬಳಕೆದಾರರ ಹೋಮ್‌ನೊಳಗೇ .ಇಕ್ರಿಪ್ಟ್‌ಎಫ್‌ಎಸ್ ಇದೆಯೇ ಎಂದಷ್ಟೇ ನೋಡಿ ತೀರ್ಮಾನಿಸುತ್ತಾರೆ. 'ಪ್ರೈವೇಟ್' ಎಂಬ ಒಂದೇ ಫೋಲ್ಡರ್‌ಗೆ ಬೀಗ ಹಾಕಿಕೊಂಡವರಲ್ಲೂ ಅದು ಇರುತ್ತದೆ. ಸಂಶಯ ಬಂದರೆ ಆ .ಇಕ್ರಿಪ್ಟ್‌ಎಫ್‌ಎಸ್ ಒಳಗಿನ ಪ್ರೈವೇಟ್.ಎಂಎನ್‌ಟಿ ತೆರೆದು ನೋಡಿ: ಅದರಲ್ಲಿರುವ ವಿಳಾಸ ಹೋಮ್‌ನದ್ದೋ, ಒಳಗಿನ ಪ್ರೈವೇಟ್ ಫೋಲ್ಡರ್‌ನದ್ದೋ ಎಂಬುದು ಗೊತ್ತಾಗುತ್ತದೆ.

ಈಗ ತೆರೆದಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಈಗ ಜೋಡಣೆಯಾಗಿರುವ ಫೈಲ್‌ಸಿಸ್ಟಮ್‌ಗಳ ಪಟ್ಟಿಯಾದ /ಪ್ರಾಕ್/ಮೌಂಟ್ಸ್‌ನಲ್ಲಿ ಆ ಹೋಮ್‌ನ ಎದುರು ಇಕ್ರಿಪ್ಟ್‌ಎಫ್‌ಎಸ್ ಎಂದಿದ್ದರೆ ತೆರೆದಿದೆ. ಎನ್‌ಕ್ರಿಪ್ಟ್ ಆಗಿದ್ದೂ ತೆರೆದಿಲ್ಲದಿದ್ದರೆ ಸ್ಕ್ರಿಪ್ಟ್ ಹೋಮ್ ಅನ್ನು ಮುಟ್ಟಕೂಡದು. ನಕಲು ಮಾಡುವ ಆರ್‌ಸಿಂಕ್‌ಗೆ 'ಡಿಲೀಟ್' ಆಯ್ಕೆ ಕೊಟ್ಟಿದ್ದರಂತೂ ನಿನ್ನೆಯ ಒಳ್ಳೆಯ ಪ್ರತಿಯನ್ನೂ ಅಳಿಸಿ ಅದೇ ಎರಡು ಫೈಲು ಉಳಿಸುತ್ತದೆ. ಬದಲಿಗೆ /ಹೋಮ್/.ಇಕ್ರಿಪ್ಟ್‌ಎಫ್‌ಎಸ್ ಕೆಳಗಿನ ಅವರ ಫೋಲ್ಡರ್ ಅನ್ನು ಇಡಿಯಾಗಿ ನಕಲಿಸಿ. ತೆರೆದಿರುವಾಗ ಹೋಮ್‌ನಿಂದಲೇ ನಕಲಿಸಿದರೆ ಎಲ್ಲವೂ ಬರುತ್ತದೆ, ಆದರೆ ಬೀಗವಿಲ್ಲದೆ ಬರುತ್ತದೆ. ಆ ಬ್ಯಾಕಪ್ ಡಿಸ್ಕ್ ಕಳೆದರೆ ಇಷ್ಟು ದಿನ ಎನ್‌ಕ್ರಿಪ್ಟ್ ಮಾಡಿದ್ದು ನೀರಲ್ಲಿ ಹೋಮ.

ಉಬುಂಟು ಆವೃತ್ತಿ ನೋಡಿ ಊಹಿಸಬೇಡಿ. 18.04ರ ಇನ್‌ಸ್ಟಾಲರ್ ಹೋಮ್ ಎನ್‌ಕ್ರಿಪ್ಟ್ ಮಾಡುವ ಆಯ್ಕೆ ಕೈಬಿಟ್ಟಿತು, ಆದರೆ ಹಳೆಯದರಿಂದ ಅಪ್‌ಗ್ರೇಡ್ ಆದ ಯಂತ್ರಗಳಲ್ಲಿ ಇನ್ನೂ ಇರಬಹುದು. ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ -ಎಫ್ ಆದೇಶಕ್ಕೆ ಕ್ರಿಪ್ಟೋ_ಲಕ್ಸ್ ಎಂದು ಬಂದರೆ ಅದು ಪಾರ್ಟಿಷನ್ ಮಟ್ಟದ ಬೀಗ. ಯಂತ್ರ ಆನ್ ಆಗುವಾಗಲೇ ಬಿಚ್ಚಿಕೊಂಡಿದ್ದರೆ ನಿಮ್ಮ ಸ್ಕ್ರಿಪ್ಟ್‌ಗೆ ಅದರಿಂದ ತೊಂದರೆಯಿಲ್ಲ. ಎಫ್‌ಎಸ್‌ಕ್ರಿಪ್ಟ್ ಎಂಬ ಬೇರೊಂದು ಎನ್‌ಕ್ರಿಪ್ಟ್ ಸಾಧನ ಬಳಸಿದ್ದರೆ ಮೇಲಿನ ಗುರುತು ಯಾವುದೂ ಸಿಗದು. 'ಎಫ್‌ಎಸ್‌ಕ್ರಿಪ್ಟ್ ಸ್ಟೇಟಸ್' ಮುಂದೆ ಹೋಮ್‌ನ ವಿಳಾಸ ಕೊಟ್ಟು ಕೇಳಬೇಕು.

ಇನ್ನೊಂದು. ಇಕ್ರಿಪ್ಟ್‌ಎಫ್‌ಎಸ್‌ನ ಕೀಲಿಯು ರ‍್ಯಾಪ್ಡ್-ಪಾಸ್‌ಫ್ರೇಸ್ ಎಂಬ ಫೈಲಿನಲ್ಲಿ ಬಳಕೆದಾರರ ಲಾಗಿನ್ ಪಾಸ್‌ವರ್ಡ್‌ನಿಂದ ಮುಚ್ಚಿರುತ್ತದೆ. ರೂಟ್ ಆಗಿ ಅವರ ಪಾಸ್‌ವರ್ಡ್ ಬದಲಿಸಿದರೆ ಆ ಫೈಲ್ ಹಳೆಯ ಪಾಸ್‌ವರ್ಡನ್ನೇ ಕೇಳುತ್ತಿರುತ್ತದೆ, ಲಾಗಿನ್ ಆದರೂ ಹೋಮ್ ತೆರೆಯುವುದಿಲ್ಲ. ಹಾಗಾಗಿ ಅವರಿಂದಲೇ ಇಕ್ರಿಪ್ಟ್‌ಎಫ್‌ಎಸ್-ಅನ್‌ರ‍್ಯಾಪ್-ಪಾಸ್‌ಫ್ರೇಸ್ ಓಡಿಸಿ, ಬರುವ 32 ಅಕ್ಷರಗಳನ್ನು ಕಾಗದದಲ್ಲಿ ಬರೆಸಿಡಿ. ಬ್ಯಾಕಪ್ ಡಿಸ್ಕ್ ಇಡುವ ಡ್ರಾಯರ್‌ನಲ್ಲಿ ಮಾತ್ರ ಬೇಡ.