ತಾಪಮಾನದ ನಕ್ಷೆ ಒಂದೇ ಸಾಲದು, ಪದರದ ಆಳವೂ ಬೇಕು

ತುಮಕೂರಿನಲ್ಲಿ ಕೂತು, ಬರೀ ಉಪಗ್ರಹದ ತಾಪಮಾನದ ನಕ್ಷೆಯಿಂದ ಬಂಗಾಳ ಕೊಲ್ಲಿಯ ಮೇಲ್ಮೈಯಲ್ಲಿ ಶಾಖ ಎತ್ತ ಸಾಗುತ್ತಿದೆ ಅಂತ ಲೆಕ್ಕ ಹಾಕಬಹುದಾ ಎಂದು ಕೇಳಿದ್ದೀರಿ. ಬರೀ ನಕ್ಷೆಯಿಂದ ಆಗುವುದಿಲ್ಲ.

ಮೊದಲು ಒಂದೇ ಜಾಗ ಹಿಡಿಯಿರಿ. ಗಾಳಿಗೆ ಕಲಕುವ ಮೇಲಿನ ಪದರ 50 ಮೀಟರ್ ಇದೆ, 30 ದಿನದಲ್ಲಿ 1 ಡಿಗ್ರಿ ಬಿಸಿಯಾಯಿತು ಅನ್ನಿ. ಸಮುದ್ರದ ನೀರಿನ ಸಾಂದ್ರತೆ ಘನ ಮೀಟರಿಗೆ 1025 ಕೆಜಿ, ವಿಶಿಷ್ಟ ಶಾಖ (ಒಂದು ಕೆಜಿ ನೀರನ್ನು 1 ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖ) ಸುಮಾರು 3990 ಜೂಲ್. ಇವನ್ನು ಆಳದ ಜೊತೆ ಗುಣಿಸಿ, 30 ದಿನದ ಸೆಕೆಂಡುಗಳಿಂದ ಭಾಗಿಸಿದರೆ ಚದರ ಮೀಟರಿಗೆ ಸುಮಾರು 79 ವಾಟ್. ಪದರ 20 ಮೀಟರ್ ಆದರೆ ಬರೀ 32! ನಕ್ಷೆ ಅದೇ ಅಲ್ವಾ? ಕೊಲ್ಲಿಯ ಉತ್ತರದಲ್ಲಿ ನದಿಗಳ ಸಿಹಿನೀರು ಸೇರಿ ಈ ಪದರ ತೆಳುವಾಗಿರುತ್ತದೆ, ಹಾಗಾಗಿ ಆಳವನ್ನು ಸುಮ್ನೆ ಊಹಿಸಬೇಡಿ, ಸಮುದ್ರದಲ್ಲಿ ಮುಳುಗೇಳುತ್ತ ಆಳದ ತಾಪಮಾನ ಅಳೆಯುವ ಆರ್ಗೋ ತೇಲುಯಂತ್ರಗಳ ಮಾಹಿತಿಯಿಂದ ತೆಗೆದುಕೊಳ್ಳಿ, ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್‌ನ ತಾಣದಲ್ಲಿ ಸಿಗುತ್ತದೆ.

ಆಮೇಲೆ ಬಿಸಿಲು, ಆವಿ, ಗಾಳಿಯ ಪಾಲು ಕಳೆಯಿರಿ. ನಿಮ್ಮ ಅಮಾನಿಕೆರೆಯಂಥ ನಿಂತ ನೀರಿಗೆ ಹೆಚ್ಚುಕಡಿಮೆ ಇಷ್ಟೇ ಸಾಕು. ಸಮುದ್ರದಲ್ಲಿ ಪ್ರವಾಹ ತಂದದ್ದು, ಕೆಳಗಿನಿಂದ ಬೆರೆತದ್ದು ಉಳಿಯುತ್ತದೆ. ಪ್ರವಾಹದ ಪಾಲಿಗೆ ಅದರ ವೇಗವನ್ನು, ಅದು ಹರಿಯುವ ದಿಕ್ಕಿನಲ್ಲಿ ತಾಪಮಾನ ಎಷ್ಟು ಬದಲಾಗುತ್ತದೋ ಅದರ ಜೊತೆ ಗುಣಿಸಬೇಕು. ಜಾಸ್ತಿ ಜನ ಎಡವುವುದು ಇಲ್ಲೇ: ನೀರು ಸಮತಾಪ ರೇಖೆಯ (ಒಂದೇ ತಾಪಮಾನದ ಜಾಗಗಳನ್ನು ಸೇರಿಸುವ ಗೆರೆಯ) ಗುಂಟ ಹರಿದರೆ ವೇಗ ಎಷ್ಟಿದ್ದರೂ ನಕ್ಷೆಯಲ್ಲಿ ಏನೂ ಬದಲಾಗುವುದಿಲ್ಲ, ಆದರೆ ಶಾಖ ಸಾಗುತ್ತಲೇ ಇರುತ್ತದೆ.