ಥೈರಾಯ್ಡ್ ಮಾತ್ರೆ ಇದೆ, ನಿದ್ದೆಗೆ ಅಶ್ವಗಂಧ ಎಷ್ಟು ಚಮಚ ಹಾಕಬೇಕು?

ನಿದ್ದೆಗೆ ಅಶ್ವಗಂಧ ಎಷ್ಟು ಚಮಚ ಅಂತ ಕೇಳಿ, "ಥೈರಾಯ್ಡ್ ಮಾತ್ರೆ ಬಿಟ್ಟರೆ ಬೇರೆ ಔಷಧಿ ಏನೂ ಇಲ್ಲ" ಅಂತ ಬರೆದಿದ್ದೀರಿ. ನಾನೂ ಥೈರಾಯ್ಡ್ ಮಾತ್ರೆ ತಗೊಳ್ಳುವವಳೇ, ಹೀಗೇ ಲೆಕ್ಕ ಹಾಕಿದ್ದೆ.

ನಮ್ಮದು ಸೋಮವಾರಪೇಟೆ ಕಡೆ ಕಾಫಿ ತೋಟ. ಕೊಯ್ಲಿಗೆ ಜನ ಸಿಗುತ್ತಿಲ್ಲ, ಕಣದಲ್ಲಿ ಕಾಫಿ ಹರಡಿದಾಗಲೇ ಮಳೆ. ರಾತ್ರಿ ಕಣ್ಣು ಮುಚ್ಚುತ್ತಿರಲಿಲ್ಲ. ಅತ್ತಿಗೆ ಅಶ್ವಗಂಧದ ಪುಡಿ ತಂದುಕೊಟ್ಟರು. ಬಿಸಿ ಹಾಲಿಗೆ ಒಂದು ಚಮಚ. ಸುಳ್ಳು ಹೇಳಲ್ಲ, ಮೊದಲು ಚೆನ್ನಾಗಿಯೇ ಇತ್ತು. ನಿದ್ದೆ ಬಂತು, ರೇಗಾಟ ಕಡಿಮೆಯಾಯಿತು.

ಆಮೇಲೆ ಎದೆ ಡವಡವ. ಕೈ ನಡುಕ. ಜನವರಿ ಚಳಿಯಲ್ಲೂ ಬೆವರು. ಟೆನ್ಶನ್ ಜಾಸ್ತಿಯಾಗಿದೆ ಅಂದುಕೊಂಡು ಪುಡಿಯನ್ನು ಎರಡು ಚಮಚ ಮಾಡಿದೆ!

ಡಾಕ್ಟರ್ "ಬೇರೆ ಔಷಧಿ ತಗೋತೀರಾ?" ಅಂದಾಗ ಇಲ್ಲ ಅಂದೆ. ಬೇಕಂತ ಮುಚ್ಚಿಟ್ಟಿದ್ದಲ್ಲ. ಚೀಟಿ ಬರೆಸಿ ತಂದದ್ದು ಮಾತ್ರ ಔಷಧಿ, ಹಾಲಿಗೆ ಹಾಕೋದು ಅಡುಗೆಮನೆಯದ್ದು ಅಂತ ತಲೆಯಲ್ಲಿತ್ತು. ಅದೊಂದು "ಇಲ್ಲ"ದಿಂದ ಇಸಿಜಿ ಆಯಿತು, ಮೈಸೂರಿಗೆ ಹೋಗಿ ಹೃದಯದ ಪರೀಕ್ಷೆಯೂ ಆಯಿತು. ಹೃದಯ ಸರಿಯಾಗಿತ್ತು. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ (ಮೈಯಲ್ಲಿ ಥೈರಾಯ್ಡ್ ಹಾರ್ಮೋನು ಜಾಸ್ತಿಯಾದರೆ ಇಳಿಯುವ, ಕಡಿಮೆಯಾದರೆ ಏರುವ ಅಂಕಿ) ಮಾತ್ರ 0.4ಕ್ಕಿಂತ ತುಂಬಾ ಕೆಳಗೆ. ಮಾತ್ರೆ ಜಾಸ್ತಿಯಾಗಿದೆ ಎಂದು ಡಾಕ್ಟರ್ ಡೋಸ್ ಇಳಿಸಿದರು. ಅಷ್ಟರಲ್ಲಿ ನನ್ನ ಪುಡಿ ಮುಗಿದಿತ್ತು, ಮತ್ತೆ ತರಿಸಲಿಲ್ಲ. ಈಗ ಟಿಎಸ್‌ಎಚ್ ಮೇಲಕ್ಕೆ ಹಾರಿತು. ಸುಸ್ತು, ಮುಖ ಊತ, ಮತ್ತೆ ಡೋಸ್ ಏರಿಕೆ. ಕೊನೆಗೆ ಡಬ್ಬಿಯ ವಿಷಯ ಬಾಯಿಬಿಟ್ಟಿದ್ದು ಅತ್ತಿಗೆ. ಅಶ್ವಗಂಧ ಕೆಲವರಲ್ಲಿ ಥೈರಾಯ್ಡ್ ಹಾರ್ಮೋನನ್ನು ಏರಿಸುತ್ತದೆ, ಮಾತ್ರೆಯ ಜೊತೆ ಸೇರಿದರೆ ಹೀಗಾಗಬಹುದು ಎಂದು ಡಾಕ್ಟರ್ ಆಗ ಹೇಳಿದರು.

ಹಾಗಾಗಿ ಎಷ್ಟು ಚಮಚ ಅನ್ನೋ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ಗಿಡಮೂಲಿಕೆ, ಏನೂ ಆಗಲ್ಲ ಅನ್ನುತ್ತೀರಿ. ಕೊಡವರ ಕಕ್ಕಡ ತಿಂಗಳ 18ಕ್ಕೆ ಇಲ್ಲಿ ಮದ್ದು ಸೊಪ್ಪಿನ ಪಾಯಸ ತಿಂದರೆ ಮೂತ್ರದ ಬಣ್ಣವೇ ಬದಲಾಗುತ್ತದೆ, ಅಲ್ವಾ? ಅದನ್ನೂ ವರ್ಷವಿಡೀ ಯಾರೂ ತಿನ್ನಲ್ಲ. ಅಶ್ವಗಂಧದಿಂದ ಅಪರೂಪಕ್ಕೆ ಲಿವರ್‌ಗೆ ಪೆಟ್ಟು ಬಿದ್ದದ್ದೂ ಇದೆ. ಡೆನ್ಮಾರ್ಕ್ 2023ರಲ್ಲಿ ನಿಷೇಧವನ್ನೇ ಹಾಕಿತು. ಅಷ್ಟು ದೂರ ಹೋಗಬೇಕು ಅಂತ ನನಗನಿಸಲ್ಲ. ಒತ್ತಡ, ನಿದ್ದೆ ಎರಡಕ್ಕೂ ಕೆಲವರಿಗೆ ಅದು ಸ್ವಲ್ಪ ಸಹಾಯ ಮಾಡುತ್ತದೆ. ಆದರೆ ಥೈರಾಯ್ಡ್ ಮಾತ್ರೆ, ನಿದ್ದೆ ಮಾತ್ರೆ, ಶುಗರ್ ಮಾತ್ರೆ ತಗೊಳ್ಳುವವರು, ಬಸುರಿಯರು ಸುಮ್ನೆ ಶುರು ಮಾಡಬಾರದು.

ನೀವು ಮೊದಲು ಸಂಜೆ ಕಾಫಿ ಬಿಡಿ. ಕುಡಿದು ಐದು ಗಂಟೆಯಾದರೂ ಅದರ ಅರ್ಧ ಕೆಫೀನ್ ಮೈಯಲ್ಲೇ ಇರುತ್ತದೆ. ಕೊಡಗಿನವಳಾಗಿ ಇದನ್ನು ಹೇಳೋದು ಕಷ್ಟವೇ! ಬೆಳಗ್ಗೆಯೂ ಥೈರಾಯ್ಡ್ ಮಾತ್ರೆ ನುಂಗಿ ಕಾಫಿಗೆ ಒಂದು ಗಂಟೆ ಕಾಯಿರಿ, ಇಲ್ಲವಾದರೆ ಮಾತ್ರೆ ಸರಿಯಾಗಿ ಹಿಡಿಯಲ್ಲ. ಪುಡಿ ಈಗಾಗಲೇ ಶುರು ಮಾಡಿದ್ದರೆ ನಿಲ್ಲಿಸಿ, ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಹೋಗುವಾಗ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ ಡಾಕ್ಟರ್ ಮೇಜಿನ ಮೇಲಿಡಿ.