ತಮ್ಮನ್ನ ದುಬೈಗೆ ಒಬ್ಬನ್ನೇ ಕಳಿಸೋದು ಬೇಡ

ಕುಡಿತ ಬಿಟ್ಟು ತಿಂಗಳಾಗಿರೋ ತಮ್ಮನ್ನ ಬೆಂಗಳೂರಿಂದ ದುಬೈಗೆ ಒಬ್ಬನ್ನೇ ಕಳಿಸ್ಬಹುದಾ ಅಂತ ಕೇಳಿದ್ರಲ್ಲ, ದಯವಿಟ್ಟು ಬೇಡ, ಮನೆಯವ್ರು ಯಾರಾದ್ರೂ ಜೊತೇಲಿ ಹೋಗಿ. ನಮ್ಮ ದೇಶದೊಳಗಿನ ಫ್ಲೈಟಲ್ಲಿ ಡ್ರಿಂಕ್ಸ್ ಕೊಡಲ್ಲ, ಆದ್ರೆ ಇಂಟರ್‌ನ್ಯಾಷನಲ್ ಅಂದ್ರೆ ಎಷ್ಟೋ ಏರ್‌ಲೈನಲ್ಲಿ ಡ್ರಿಂಕ್ಸ್ ಟ್ರಾಲಿ ಸೀಟ್ ಪಕ್ಕಕ್ಕೇ ಬರುತ್ತೆ, ಅದಕ್ಕೂ ಮುಂಚೆ ಡ್ಯೂಟಿ ಫ್ರೀಲಿ ಸಾಲಾಗಿ ಬಾಟ್ಲಿ ಇಟ್ಟಿರ್ತಾರೆ, ನನ್ನ ಪ್ರಕಾರ ನಿಜವಾದ ಕಷ್ಟ ಅಲ್ಲೇ, ಏನಾದ್ರೂ ಮಾತಾಡಿಸ್ತಾ ಸೀದಾ ಗೇಟ್ ಹತ್ರ ಕರ್ಕೊಂಡ್ ಹೋಗಿ, ಲೌಂಜ್ ಬೇಡ್ವೇ ಬೇಡ. ಅವನ್ನ ಕಿಟಕಿ ಸೀಟಲ್ಲಿ ಕೂರ್ಸಿ ನೀವು ಪಕ್ಕದಲ್ಲಿದ್ದು "ಇಬ್ರಿಗೂ ಜ್ಯೂಸ್ ಸಾಕು" ಅಂತ ಮೊದ್ಲೇ ಹೇಳ್ಬಿಡಿ. ಮಾತ್ರೆ ಹ್ಯಾಂಡ್‌ಬ್ಯಾಗಲ್ಲೇ ಇರ್ಲಿ, ಡಾಕ್ಟ್ರ ಚೀಟಿ ಸಮೇತ. ನಿದ್ದೆ ಮಾತ್ರೆ, ಆತಂಕದ ಮಾತ್ರೆ ಇದ್ರೆ ಕೆಲವಕ್ಕೆ ಯುಎಇಯವ್ರ ಪರ್ಮಿಟ್ ಮುಂಚೆನೇ ಬೇಕಾಗುತ್ತೆ, ಆನ್‌ಲೈನಲ್ಲಿ ಹಾಕ್ಬಹುದು, ಇದನ್ನ ಮಾತ್ರ ಮರೀಬೇಡಿ. ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋರು ಒಬ್ರಿಗೊಬ್ರು ನೆರವಾಗೋ ಗುಂಪು) ಮೀಟಿಂಗ್ ದುಬೈಲೂ ನಡೀತವೆ, ಹೊರಡೋಕ್ ಮುಂಚೆನೇ ವಿಚಾರಿಸಿ ಇಟ್ಕೊಳ್ಳಿ.